ಅಕ್ಕನ ಮೈನೋವು

ನಮ್ಮ ಮನೆಯಲ್ಲಿ ಒಂದು ಮಾತು ಬಹುಕಾಲ ಬಳಕೆಯಲ್ಲಿದ್ದಿತು. ಮಕ್ಕಳಲ್ಲಿ ಯಾರಾದರೂ ಶಾಲೆ ತಪ್ಪಿಸಿಕೊಳ್ಳಲು ಹೊಟ್ಟೆನೋವೆಂದು ಮುಸುಕೆಳೆದು ಮಲಗಿದರೆ, "ಓಹೋ, ಮೊಳಕಾಲ್ಮೂರಿನ ನೋವು ಬಂದಿದೆ" ಎಂದು ಎಲ್ಲರೂ ನಗುತ್ತಿದ್ದೆವು. ಮೊಳಕಾಲ್ಮೂರು ನನ್ನ ಅಕ್ಕನನ್ನು ಕೊಟ್ಟ ಊರು. ಆ ಮಾತನ್ನು ಹುಟ್ಟಿಸಿದವನು ನಾನೇ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿದ ಮೇಷ್ಟ್ರು ನಾನು. ಕಣ್ಣಿಗೆ ಕಾಣದುದನ್ನೂ ಅಳತೆಗೆ ಸಿಕ್ಕದುದನ್ನೂ ನಂಬಬಾರದೆಂಬುದು ನನ್ನ ಜಂಬ. ಆ ಜಂಬ ಇಳಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಿಂದ ನನ್ನ ಮಾನವೇನೂ ಹೆಚ್ಚುವುದಿಲ್ಲ. ಆದರೆ ಓದುವವರ ಮನೆಯಲ್ಲಿ ಯಾರಿಗಾದರೂ ಒಂದು ರಾತ್ರಿಯ ನಿದ್ರೆ ಹೆಚ್ಚಬಹುದು.

ಚಳ್ಳಕೆರೆಗೆ ಮೊಳಕಾಲ್ಮೂರು ದೂರವೇನಲ್ಲ. ಬಳ್ಳಾರಿಯ ಹೆದ್ದಾರಿ ಹಿಡಿದು ತಳಕನ್ನು ದಾಟಿ, ಹಾನಗಲ್ಲಿನ ಬಳಿ ಹೊರಳಿದರೆ ಊರು ಬಂದೇಬಿಟ್ಟಿತು. ಎರಡೂ ಬಯಲುಸೀಮೆಯ ಊರುಗಳು; ಎರಡಕ್ಕೂ ಮಳೆರಾಯನ ಕೃಪೆ ಅಷ್ಟಕ್ಕಷ್ಟೆ. ನಮ್ಮದು ಶೇಂಗಾ, ಎಣ್ಣೆಗಿರಣಿ, ಕಂಬಳಿಗಳ ಊರು. ಅವರದು ರೇಷ್ಮೆ ಸೀರೆಯ ಊರು. ಅಕ್ಕ ಸೇರಿದ ಮನೆಯಲ್ಲಿ ಎರಡು ಗುಂಡಿಮಗ್ಗಗಳಿದ್ದವು. ಭಾವ ಗುಂಡಿಯಲ್ಲಿ ಕಾಲಿಳಿಸಿ ಮಗ್ಗದ ಮುಂದೆ ಕುಳಿತರೆ, ಅಕ್ಕ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವಳು. ಅಡಿಗೆ, ನೀರು, ಮಕ್ಕಳು, ಅತ್ತೆಯ ಆರೈಕೆ, ಇವೆಲ್ಲ ಮುಗಿದ ಮೇಲಿನ ಕೆಲಸ ಅದು. ಸೀರೆಯ ಕೂಲಿಯಲ್ಲಿ ಅವಳ ಕೆಲಸಕ್ಕೆ ಬೇರೆ ಲೆಕ್ಕವಿರಲಿಲ್ಲ. ಅವಳೂ ಕೇಳಿದವಳಲ್ಲ.

2006ರಲ್ಲಿ ಕರ್ನಾಟಕದಲ್ಲೆಲ್ಲ ಚಿಕೂನ್‌ಗುನ್ಯ ಹಬ್ಬಿದ್ದು ಓದುಗರಿಗೆ ನೆನಪಿರಬಹುದು. ಊರಿಗೆ ಊರೇ ಕೋಲೂರಿಕೊಂಡು ನಡೆದ ಕಾಲ. ಅಕ್ಕನಿಗೂ ಬಂದಿತು. ಜ್ವರ ಬಿಟ್ಟಿತು, ಗಂಟುನೋವು ಕೆಲವು ತಿಂಗಳು ಉಳಿದು ತಗ್ಗಿತು. ಮರುವರ್ಷ ಭಾವ ತೀರಿಕೊಂಡರು. ಮಗ್ಗದ ಸಾಲ, ಓದುವ ಇಬ್ಬರು ಹುಡುಗರು, ಎದ್ದರೆ ಹಿಡಿದುಕೊಳ್ಳಬೇಕಾದ ಅತ್ತೆ. ಆ ದಿನಗಳಿಂದ ಅಕ್ಕನ ನಿದ್ರೆ ಹೋಯಿತು. ನಿದ್ರೆಯ ಹಿಂದೆಯೇ ನೋವು ಬಂದಿತು.

ಮೊದಲು ಹೆಗಲು, ಕತ್ತು. ಆಮೇಲೆ ನಡು, ತೊಡೆ, ಮೊಣಕೈ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಎಂಟು ಗಂಟೆ ಮಲಗಿ ಎದ್ದರೂ ಸೌದೆಯ ಹೊರೆ ಹೊತ್ತು ಬಂದವಳಂತೆ ಸುಸ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವಳು. ಮಾತಿನ ನಡುವೆ ಒಂದು ಹೆಸರಿಗಾಗಿ ತಡಕಾಡುವಳು. ಮಕ್ಕಳು ಪ್ರೀತಿಯಿಂದ ತೋಳು ಹಿಡಿದರೂ 'ಹಾ' ಎಂದು ಕೂಗುವಳು. ನೋಡಿದರೆ ಮೈಮೇಲೆ ಊತವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಮುಖದಲ್ಲಿ ಕಳೆ ಇದ್ದೇ ಇದೆ. ನಂಬುವುದು ಹೇಗೆ?

ವೈದ್ಯರನ್ನು ಕಾಣಲಿಲ್ಲವೆಂದಲ್ಲ. ಮೂಳೆ ವೈದ್ಯರೊಬ್ಬರು ನಡುವಿಗೆ ಪಟ್ಟಿ ಬಿಗಿದರು. ನರವೈದ್ಯರೊಬ್ಬರು ಕತ್ತಿನ ಎಂ.ಆರ್.ಐ. ತೆಗೆಸಿ, ವಯಸ್ಸಿಗೆ ತಕ್ಕ ಸವಕಳಿ ಎಂದರು. ಇನ್ನೊಂದು ಕಡೆ ವಾರಕ್ಕೊಂದರಂತೆ ಶಕ್ತಿಯ ಚುಚ್ಚುಮದ್ದು. ಔಷಧಿ ಅಂಗಡಿಯವರು ಕೊಟ್ಟ ನೋವಿನ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿ ಹೊಟ್ಟೆಯುರಿ ಹತ್ತಿತೇ ಹೊರತು ನೋವು ಇಳಿಯಲಿಲ್ಲ. ಒಬ್ಬ ವೈದ್ಯರಂತೂ ವರದಿಗಳನ್ನು ಮೇಜಿನ ಮೇಲೆ ಹರಡಿ, "ನಿಮಗೇನೂ ಇಲ್ಲಮ್ಮ, ಮನೆಗೆ ಹೋಗಿ ಆರಾಮವಾಗಿರಿ" ಎಂದರಂತೆ. ಈ ಮಾತನ್ನು ಅಕ್ಕ ನನಗೆ ಹೇಳಿದಾಗ ನಾನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದೆ: "ಮನಸ್ಸು ಗಟ್ಟಿ ಮಾಡಿಕೋ ಅಕ್ಕ." ಅಲ್ಲಿಂದ ಮುಂದೆ ಅವಳು ನನ್ನೆದುರು ನೋವಿನ ಮಾತೆತ್ತಲಿಲ್ಲ. ನೋವು ಕಡಿಮೆಯಾಯಿತೆಂದು ನಾನು ತಿಳಿದೆ.

2018ರಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಅಕ್ಕ ಎರಡು ದಿನ ಮುಂಚೆಯೇ ಬಂದಿದ್ದಳು. ಹಿಂದಿನ ರಾತ್ರಿ ಮೂರು ಗಂಟೆಯ ಹೊತ್ತಿಗೆ ನೀರು ಕುಡಿಯಲು ಎದ್ದೆ. ನಡುಮನೆಯಲ್ಲಿ ನೆಂಟರೆಲ್ಲ ಸಾಲಾಗಿ ಮಲಗಿದ್ದಾರೆ; ಅಕ್ಕ ಒಬ್ಬಳೇ ಗೋಡೆಗೊರಗಿ, ಮೊಣಕಾಲನ್ನು ತಬ್ಬಿಕೊಂಡು ಕತ್ತಲೆಯಲ್ಲಿ ಕುಳಿತಿದ್ದಾಳೆ.

"ಯಾಕಕ್ಕ, ಮಲಗಲಿಲ್ಲವೆ?"

"ಮಲಗಿದ್ರೆ ಹಾಸಿಗೇನೇ ಒತ್ತುತ್ತಪ್ಪ. ಕೂತ್ರೆ ಒಂದೀಟು ವಾಸಿ. ನೀನು ಮಲಕ್ಕೊ ಹೋಗು, ನಾಳೆ ನೂರು ಕೆಲಸ ಐತೆ."

"ನನ್ನನ್ನು ಎಬ್ಬಿಸಬಾರದಾಗಿತ್ತೆ?"

ಅಕ್ಕ ನಕ್ಕಳು. "ಎಬ್ಬಿಸಿ ಏನಂತ ಹೇಳ್ಲಿ? ಮೊಳಕಾಲ್ಮೂರಿನ ನೋವು ಬಂದೈತೆ ಅಂತ ಹೇಳ್ಲಾ?"

ನಮ್ಮ ಮನೆಯ ಹಾಸ್ಯ ಅವಳ ಕಿವಿಗೆ ಎಂದೋ ಮುಟ್ಟಿತ್ತು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಂದು ಬೆಳಗಿನವರೆಗೆ ನನಗೂ ನಿದ್ರೆ ಬರಲಿಲ್ಲ.

ಸಮಾರಂಭ ಮುಗಿದ ಮೂರನೆಯ ದಿನ ನಮ್ಮೂರಿನ ಹಿರಿಯ ವೈದ್ಯರೊಬ್ಬರ ಬಳಿಗೆ ಅಕ್ಕನನ್ನು ಕರೆದುಕೊಂಡು ಹೋದೆ. ಅವರು ಮೂಳೆಗಾಗಲಿ ನರಕ್ಕಾಗಲಿ ಹೆಸರಾದವರಲ್ಲ; ಎಲ್ಲ ಕಾಯಿಲೆಗೂ ಮೊದಲು ನೋಡುವ ಸಾಮಾನ್ಯ ವೈದ್ಯರು. ಅಕ್ಕ ತಂದ ವರದಿಗಳ ಚೀಲವನ್ನು ಪಕ್ಕಕ್ಕಿಟ್ಟು, "ತಾಯಿ, ಇದು ಯಾವಾಗ ಸುರುವಾಯ್ತು, ಮೊದಲಿಂದ ಹೇಳಿ" ಎಂದರು. ಅಷ್ಟು ವರ್ಷಗಳಲ್ಲಿ ಹಾಗೆ ಕೇಳಿದವರು ಅವರೇ ಮೊದಲಿಗರಂತೆ. ಅಕ್ಕ ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕಿ, "ಸ್ವಲ್ಪ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಡಾಕ್ಟರೇ" ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮೇಷ್ಟ್ರೇ, ನೋವು ಇರೋದು ಅವರಿಗೆ. ಪಾಠ ಅವರು ಹೇಳ್ಲಿ, ನಾವಿಬ್ಬರೂ ಕೇಳೋಣ" ಎಂದರು. ನಾನು ತೆಪ್ಪಗಾದೆ.

ಅವರ ಮುಂದಿನ ಪ್ರಶ್ನೆ ವಿಚಿತ್ರವಾಗಿ ತೋರಿತು: "ಎಷ್ಟು ವರ್ಷದಿಂದ ಕೊಳವೆಬಾವಿ ನೀರು ಕುಡೀತೀರಿ?" ಕೇಳಿದೊಡನೆ ನನಗೆ ನನ್ನ ತರಗತಿಗಳು ಕಣ್ಣಮುಂದೆ ಬಂದವು. ನಮ್ಮ ಎರಡು ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ನಗುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ನಾನು ವರ್ಷವೂ ಕಂಡವನು. ಹಲ್ಲು ತೋರುವುದು ಮೊದಲ ಗುರುತು; ದಶಕಗಳ ಕಾಲ ಅದೇ ನೀರು ಒಳಗೆ ಹೋದರೆ ಮೂಳೆ, ಕೀಲು, ಬೆನ್ನು ಎಲ್ಲವೂ ಬಿಗಿಯುತ್ತವೆ, ನೋಯುತ್ತವೆ. ಭಾರತದಲ್ಲಿ ಈ ಕಾಯಿಲೆ 1937ರಲ್ಲಿಯೇ ಆಂಧ್ರದ ನೆಲ್ಲೂರಿನ ಕಡೆ ಗುರುತಾಗಿದ್ದಿತು.

ವೈದ್ಯರು ಅಕ್ಕನಿಂದ ಮೂರು ಸಣ್ಣ ಕಸರತ್ತು ಮಾಡಿಸಿದರು. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು. ಗದ್ದವನ್ನು ಎದೆಗೆ ತಾಗಿಸುವುದು. ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಫ್ಲೋರೈಡಿನಿಂದ ಮೂಳೆ ಬಿಗಿದವರಿಗೆ ಇವು ಕಷ್ಟಸಾಧ್ಯ. ಅಕ್ಕ ನೋವಿನಿಂದ ಮುಖ ಹಿಂಡಿದರೂ ಮೂರನ್ನೂ ಮಾಡಿದಳು. ಆದರೂ ಮುಂಗೈಯ, ಸೊಂಟದ ಎಕ್ಸ್‌ರೇ ಆಯಿತು. ಮೂಳೆಯಲ್ಲಿ ಆ ಗುರುತು ಕಾಣಲಿಲ್ಲ. ಥೈರಾಯಿಡ್, ಸಕ್ಕರೆ, ಡಿ ಜೀವಸತ್ವ, ಉರಿಯೂತವನ್ನು ತೋರುವ ರಕ್ತಪರೀಕ್ಷೆಗಳು ಆದವು. ಡಿ ಜೀವಸತ್ವ ಕಡಿಮೆಯಿದ್ದಿತು, ಅದನ್ನು ತುಂಬಿಸಿದರು. ನೋವು ಅಷ್ಟಿಷ್ಟು ಬಗ್ಗಿತು, ಹೋಗಲಿಲ್ಲ. ಆಗ ಅವರು, "ನನಗೊಂದು ಅನುಮಾನ ಇದೆ. ಬೆಂಗಳೂರಿನಲ್ಲಿ ಸಂಧಿವಾತದ ತಜ್ಞರಿಗೆ ಒಂದು ಸಲ ತೋರಿಸಿ" ಎಂದು ಚೀಟಿ ಬರೆದರು.

ಆ ತಜ್ಞರನ್ನು ರುಮಟಾಲಜಿಸ್ಟ್ ಎನ್ನುತ್ತಾರೆ. ಮೂಳೆ ವೈದ್ಯರು ಬೇರೆ, ಇವರು ಬೇರೆ ಎಂಬುದು ಅಲ್ಲಿಯವರೆಗೆ ನನಗೆ ತಿಳಿಯದು. ಮೂಳೆ ವೈದ್ಯರು ಮುಖ್ಯವಾಗಿ ಶಸ್ತ್ರಚಿಕಿತ್ಸಕರು. ಮುರಿದ ಮೂಳೆ, ಸವೆದ ಕೀಲು ಅವರ ಕ್ಷೇತ್ರ. ಕೀಲುವಾತ, ಲೂಪಸ್ ಮೊದಲಾಗಿ ಕೀಲು ಸ್ನಾಯುಗಳಿಗೆ ಬರುವ ದೀರ್ಘ ಕಾಯಿಲೆಗಳನ್ನು ಔಷಧದಿಂದ ನೋಡುವವರು ಇವರು. ನಾವು ಕಂಡವರು ಒಬ್ಬ ಮಹಿಳೆ. ಒಂದೊಂದು ಕೀಲನ್ನೂ ಒತ್ತಿ ನೋಡಿದರು, ಊತವಿಲ್ಲ. ಮೈಯನ್ನು ಹತ್ತೊಂಬತ್ತು ಭಾಗವಾಗಿ ಗುರುತಿಸಿದ ಒಂದು ಚಿತ್ರ ಕೊಟ್ಟು, ಕಳೆದ ವಾರ ಎಲ್ಲೆಲ್ಲಿ ನೋವಿತ್ತೋ ಅಲ್ಲಿ ಗೀಟು ಹಾಕಿಸಿದರು. ನಿದ್ರೆ, ಸುಸ್ತು, ಮರೆವುಗಳ ಲೆಕ್ಕ ಬೇರೆ ತೆಗೆದುಕೊಂಡರು. ಕೊನೆಗೆ, "ಅಮ್ಮ, ನಿಮ್ಮ ಕಾಯಿಲೆಗೆ ಹೆಸರಿದೆ. ಫೈಬ್ರೊಮಯಾಲ್ಜಿಯ" ಎಂದರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಯಿಲೆ ಇದೆ ಎಂದಾಗ ಅಳುವವರನ್ನು ಕಂಡಿದ್ದೇನೆ. ಕಾಯಿಲೆ ನಿಜವೆಂದು ಒಬ್ಬರು ಒಪ್ಪಿದರಲ್ಲಾ ಎಂಬ ಸಮಾಧಾನದಿಂದ ಅತ್ತವಳನ್ನು ಅಂದೇ ಕಂಡೆ.

ಹೆಸರು ದೊಡ್ಡದು, ಅರ್ಥ ಸಣ್ಣದು: ನಾರು ಮತ್ತು ಸ್ನಾಯುಗಳ ನೋವು. 1904ರಲ್ಲಿ ಇಂಗ್ಲೆಂಡಿನ ಗೋವರ್ಸ್ ಎಂಬ ವೈದ್ಯನು ಇದನ್ನು ನಾರಿನ ಉರಿಯೂತವೆಂದು ಬಗೆದು ಫೈಬ್ರೊಸೈಟಿಸ್ ಎಂದು ಕರೆದಿದ್ದನು. ಮುಂದೆ ಹುಡುಕಿದವರಿಗೆ ಉರಿಯೂತವೇ ಕಾಣಲಿಲ್ಲ. ಹಾಗಾಗಿ 1976ರಲ್ಲಿ ಈಗಿನ ಹೆಸರು ಬಂದಿತು. 1990ರಲ್ಲಿ ಅಮೆರಿಕದ ಸಂಧಿವಾತ ವೈದ್ಯರು ಮೈಮೇಲಿನ ಹದಿನೆಂಟು ಬಿಂದುಗಳನ್ನು ಒತ್ತಿ, ಹನ್ನೊಂದು ನೊಂದರೆ ಈ ಕಾಯಿಲೆ ಎಂಬ ನಿಯಮ ಮಾಡಿದರು. 2010ರಿಂದ ಬಿಂದುಗಳ ಲೆಕ್ಕಕ್ಕಿಂತ ನೋವಿನ ಹರವು, ನಿದ್ರೆ, ಸುಸ್ತುಗಳಿಗೆ ಹೆಚ್ಚು ಬೆಲೆ. ಮೂರು ತಿಂಗಳಾದರೂ ನೋವು ನಿಂತಿರಬೇಕು. ಇಂದಿಗೂ ಇದನ್ನು ಸಾರುವ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇ ಇಲ್ಲ. ಪರೀಕ್ಷೆಗಳೆಲ್ಲ ಬೇರೆ ಕಾಯಿಲೆ ಇಲ್ಲವೆಂದು ತಿಳಿಯುವುದಕ್ಕೆ. ವರದಿ ಸರಿಯಾಗಿದ್ದರೆ ರೋಗಿ ಸುಳ್ಳು ಹೇಳುತ್ತಾರೆಂದು ಅರ್ಥವಲ್ಲ.

"ಹಾಗಾದರೆ ನೋವು ಎಲ್ಲಿದೆ?" ಎಂದು ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಕೇಳಿದನು. ಅವರು ಹೇಳಿದ ಉತ್ತರವನ್ನು ನಮ್ಮ ಸೀಮೆಯ ಉಪಮೆಯಲ್ಲಿ ಹೇಳುತ್ತೇನೆ. ಶೇಂಗಾ ಹೊಲಕ್ಕೆ ರಾತ್ರಿ ಕಾವಲು ಮಲಗುವವನನ್ನು ನೆನೆಯಿರಿ. ಒಂದು ರಾತ್ರಿ ಹಂದಿಯ ಹಿಂಡು ನುಗ್ಗಿ ಹೊಲವನ್ನೆಲ್ಲ ಅಗೆದು ಹೋಯಿತು. ಮರುದಿನದಿಂದ ಅವನಿಗೆ ಎಲೆ ಅಲುಗಿದರೂ ಹಂದಿ, ನಾಯಿ ಓಡಿದರೂ ಹಂದಿ. ಅವನು ಕೂಗುವುದು ಸುಳ್ಳಲ್ಲ. ಅವನ ಕಿವಿ ಅಷ್ಟು ಚುರುಕಾಗಿಬಿಟ್ಟಿದೆ. ಮಿದುಳು, ಬೆನ್ನುಹುರಿಗಳು ಇಂತಹ ಕಾವಲುಗಾರರು. ಈ ಕಾಯಿಲೆಯಲ್ಲಿ ಅವು ಸಣ್ಣ ಒತ್ತಡವನ್ನೂ ದೊಡ್ಡ ನೋವೆಂದು ಸಾರುತ್ತವೆ. ಹಾಗೆ ಸಾರಿದ ನೋವು ರೋಗಿಗೆ ಸಾಕ್ಷಾತ್ ನೋವೇ.

ಇದು ಬರಿಯ ಊಹೆಯೂ ಅಲ್ಲ. 1994ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ನೋವಿನ ಸುದ್ದಿಯನ್ನು ಸಾಗಿಸುವ 'ಸಬ್‌ಸ್ಟೆನ್ಸ್ ಪಿ' ಎಂಬ ದ್ರವ್ಯ ಇಂತಹವರ ಬೆನ್ನುಹುರಿಯ ನೀರಿನಲ್ಲಿ ಇತರರಿಗಿಂತ ಸುಮಾರು ಮೂರುಪಟ್ಟು ಇದ್ದುದು ಕಂಡಿತು. 2002ರಲ್ಲಿ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತುತ್ತ ಮಿದುಳಿನ ಚಿತ್ರ ತೆಗೆದರು. ಇತರರಿಗೆ ಬಹಳ ಜೋರಾಗಿ ಒತ್ತಿದಾಗ ಮಿದುಳಿನ ಯಾವ ಭಾಗಗಳು ಎಚ್ಚರಗೊಂಡವೋ, ಈ ರೋಗಿಗಳಲ್ಲಿ ಅಲ್ಪ ಒತ್ತಡಕ್ಕೇ ಅವು ಎಚ್ಚರಗೊಂಡವು. ಅಳತೆಗೆ ಸಿಕ್ಕದುದನ್ನು ನಂಬೆನೆಂದು ಕುಳಿತಿದ್ದ ನನಗೆ ಅಳತೆಯೇ ಎದುರು ಸಾಕ್ಷಿಯಾಗಿ ನಿಂತಿತು.

"ಇದಕ್ಕೆ ಕಾರಣವೇನು? ಚಿಕೂನ್‌ಗುನ್ಯವೆ? ಭಾವ ಹೋದ ದುಃಖವೆ?" ಎಂದೆ. "ಒಂದೇ ಎಳೆ ಹುಡುಕಬೇಡಿ ಸಾರ್" ಎಂದರು. ಮಗ್ಗದ ಮನೆಯ ಅಕ್ಕನಿಗೆ ಅದು ನನಗಿಂತ ಬೇಗ ಅರ್ಥವಾಯಿತು. ವಂಶದಿಂದ ಬಂದ ಗುಣ ಹಾಸು. ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ಇದ್ದರೆ ಇದು ಬರುವ ಸಂಭವ ಹೆಚ್ಚು. ಅದರ ಮೇಲೆ ಸೋಂಕಿನ ಜ್ವರ, ಅಪಘಾತ, ಶಸ್ತ್ರಚಿಕಿತ್ಸೆ, ತೀರದ ಚಿಂತೆ, ಕೆಟ್ಟ ನಿದ್ರೆ, ಇವೆಲ್ಲ ಹೊಕ್ಕು. ಕೆಲವರಿಗೆ ಇಂತಹ ಯಾವ ನೆಪವೂ ಇಲ್ಲದೆ ಮೆಲ್ಲಗೆ ಬರುವುದೂ ಉಂಟು. ನಿದ್ರೆ ಕೆಟ್ಟರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ನಿದ್ರೆ ಕೆಡುತ್ತದೆ. ಲಾಳಿ ಆ ಕಡೆಗೂ ಈ ಕಡೆಗೂ ಓಡಾಡಿದಂತೆ. ಅನೇಕ ದೇಶಗಳ ಎಣಿಕೆಯಂತೆ ನೂರು ಜನರಲ್ಲಿ ಇಬ್ಬರಿಂದ ನಾಲ್ವರಿಗೆ ಈ ಕಾಯಿಲೆಯುಂಟು. ಹೆಂಗಸರಿಗೆ ಹೆಚ್ಚು, ಗಂಡಸರಿಗೆ ಇಲ್ಲವೆಂದಿಲ್ಲ. ಸಮಾಧಾನದ ಸಂಗತಿಯೆಂದರೆ ಇದು ಕೀಲನ್ನು ಕೆಡಿಸುವುದಿಲ್ಲ, ಅಂಗ ಊನ ಮಾಡುವುದಿಲ್ಲ, ಪ್ರಾಣ ತೆಗೆಯುವುದಿಲ್ಲ.

ಯಾರ ಬಳಿ ಹೋಗಬೇಕೆಂದು ಈಗ ನನ್ನನ್ನು ಕೇಳುವವರುಂಟು. ನಾನು ವೈದ್ಯನಲ್ಲ, ಹನ್ನೆರಡು ವರ್ಷ ತಪ್ಪು ದಾರಿ ನಡೆದವನು, ದಾರಿಯ ಗುರುತನ್ನು ಮಾತ್ರ ಹೇಳಬಲ್ಲೆ. ಮೊದಲು ನಿಮ್ಮ ಮಾತನ್ನು ಕೊನೆಯವರೆಗೆ ಕೇಳುವ ಸಾಮಾನ್ಯ ವೈದ್ಯರು. ಥೈರಾಯಿಡ್, ಡಿ ಜೀವಸತ್ವ, ನಮ್ಮ ಕಡೆಯವರಾದರೆ ಕುಡಿಯುವ ನೀರು, ಇವುಗಳ ವಿಚಾರ ಅಲ್ಲಿಯೇ ಮುಗಿಯಬೇಕು. ಕೀಲು ಊದಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ, ಅಥವಾ ವೈದ್ಯರಿಗೇ ಸಂದೇಹ ಉಳಿದರೆ ರುಮಟಾಲಜಿಸ್ಟ್. ಕೈಕಾಲು ನಿಜವಾಗಿ ಬಲಗುಂದಿದ್ದರೆ, ಮರಗಟ್ಟಿದ್ದರೆ ನರವೈದ್ಯರು. ಜ್ವರ ಬಿಡದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅದು ಈ ಕಾಯಿಲೆಯ ಲಕ್ಷಣವಲ್ಲ. ಮನೋವೈದ್ಯರ ಬಳಿಗೆ ಕಳುಹಿಸಿದರೆ ಸಿಟ್ಟಾಗಬೇಡಿ. ನೋವು ಸುಳ್ಳೆಂದು ಅವರು ಕಳುಹಿಸುವುದಲ್ಲ. ನಿದ್ರೆಗೂ ದುಃಖಕ್ಕೂ ಮದ್ದು ಬಲ್ಲವರು ಅಲ್ಲಿದ್ದಾರೆಂದು. ಒಮ್ಮೆ ಹೆಸರು ತಿಳಿದ ಮೇಲೆ ತಿಂಗಳು ತಿಂಗಳೂ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಊರಿನ ವೈದ್ಯರೇ ಮುಂದುವರಿಸಬಲ್ಲರು. ಅಕ್ಕನಿಗೆ ಆದದ್ದು ಹಾಗೆಯೇ.

ಚಿಕಿತ್ಸೆ ಕೇಳಿ ಅಕ್ಕ ಬೆರಗಾದಳು. ರಾತ್ರಿ ಮಲಗುವ ಮುನ್ನ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲೀನ್ ಗುಳಿಗೆ ಒಂದು. ಪ್ರೆಗಾಬಲಿನ್, ಡುಲಾಕ್ಸೆಟೀನ್ ಎಂಬ ಬೇರೆ ಮದ್ದುಗಳೂ ಇವೆ. ಯಾರಿಗೆ ಯಾವುದೆಂದು ವೈದ್ಯರೇ ಹೇಳಬೇಕು, ಅಂಗಡಿಯವರಲ್ಲ. ಅವಳು ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆಗಳಿಂದ ಈ ಕಾಯಿಲೆಗೆ ಹೆಚ್ಚಿನ ಪ್ರಯೋಜನವಿಲ್ಲವಂತೆ. ಎಲ್ಲಕ್ಕಿಂತ ಮೇಲಾದ ಮದ್ದು ನಡಿಗೆ. 2016ರಲ್ಲಿ ಯುರೋಪಿನ ಸಂಧಿವಾತ ತಜ್ಞರು ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ.

"ನಡೆಯೋಕಾಗಲ್ಲ ಅಂತ್ಲೇ ಬಂದಿರೋದು, ನಡೀರಿ ಅಂತೀರಲ್ಲ ತಾಯಿ!" ಎಂದಳು ಅಕ್ಕ. ವೈದ್ಯೆ ನಕ್ಕು, "ಈ ವಾರ ಐದೇ ನಿಮಿಷ. ಚೆನ್ನಾಗಿದೆ ಅಂತ ಒಂದೇ ದಿನ ಹತ್ತು ಮಾಡಬೇಡಿ, ನೋವಿದೆ ಅಂತ ಸೊನ್ನೆ ಮಾಡಬೇಡಿ" ಎಂದರು. ಈ ಎರಡನೆಯ ಮಾತಿನಲ್ಲಿ ಗುಟ್ಟಿತ್ತು. ನೋವು ಕಡಿಮೆಯಾದ ದಿನ ಅಕ್ಕ ಮನೆಯ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಹೋಗಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದಳು. ಕೆಲಸವನ್ನು ಕಂಡಿಕೆ ಕಂಡಿಕೆಯಾಗಿ ಹಂಚಿಕೊಳ್ಳುವುದನ್ನು ಅವಳು ಈ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಅವಳೊಬ್ಬಳೇ ಕಲಿತರೆ ಸಾಲದಾಗಿತ್ತು. ಮನೆಯಲ್ಲಿ ಸೊಸೆ ಬಂದಿದ್ದಳು. ಮಕ್ಕಳನ್ನೂ ಸೊಸೆಯನ್ನೂ ಕೂರಿಸಿಕೊಂಡು ನಾನು ಕಾವಲುಗಾರನ ಕಥೆ ಹೇಳಿದೆ. ಹಿರಿಯ ಮಗ ಬಹಳ ಹೊತ್ತು ಸುಮ್ಮನಿದ್ದು, "ಮಾವ, ಅವ್ವ ನಾಟಕ ಮಾಡ್ತಾಳೆ ಅಂತ ನಾನೂ ಅಂದಿದ್ದೆ" ಎಂದನು. ನಾನು ಏನು ಹೇಳಲಿ? ಆ ನಾಟಕಕ್ಕೆ ಹೆಸರಿಟ್ಟವನೇ ಎದುರಿಗೆ ಕುಳಿತಿದ್ದೆ. ಅಂದಿನಿಂದ ನೀರು ಹೊರುವ ಕೆಲಸ ಹುಡುಗರದಾಯಿತು. ಮಧ್ಯಾಹ್ನ ಒಂದು ಗಂಟೆ ಅಕ್ಕನನ್ನು ಯಾರೂ ಕರೆಯಕೂಡದೆಂದು ಸೊಸೆ ಕಟ್ಟು ಮಾಡಿದಳು.

ಅಕ್ಕ ಗುಣವಾದಳೆಂದು ಬರೆದರೆ ಸುಳ್ಳಾಗುತ್ತದೆ. ಮೋಡ ಮುಚ್ಚಿದ ದಿನ, ಹಬ್ಬದ ಮರುದಿನ, ಮನಸ್ಸು ನೊಂದ ದಿನ ನೋವು ಮರಳುತ್ತದೆ. ಆದರೆ ವಾರಕ್ಕೆ ನಾಲ್ಕೈದು ರಾತ್ರಿ ನಿದ್ರೆ ಬರುತ್ತದೆ. ಐದು ನಿಮಿಷದ ನಡಿಗೆ ಒಂದೂವರೆ ವರ್ಷದಲ್ಲಿ ಮುಕ್ಕಾಲು ಗಂಟೆಯಾಯಿತು. ಮುಂಜಾನೆ ನುಂಕೆಮಲೆಯ ಕಡೆಗೆ ಹೋಗುವ ದಾರಿಯಲ್ಲಿ, ನೆರೆಮನೆಯ ಹೆಂಗಸರಿಬ್ಬರನ್ನು ಜೊತೆಮಾಡಿಕೊಂಡು ಹೋಗಿಬರುತ್ತಾಳೆ. ಅವರಲ್ಲೊಬ್ಬಳಿಗೂ ಇದೇ ಬಗೆಯ ನೋವಂತೆ. ಅವಳನ್ನು ವೈದ್ಯರ ಬಳಿಗೆ ಕಳುಹಿಸಿದವಳು ಅಕ್ಕನೇ.

ನಾನು ರಾತ್ರಿ ಫೋನು ಮಾಡಿದಾಗ, "ನೋವು ಹೋಯಿತೆ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಹೋಗಲಿಲ್ಲವೆಂದು ಹೇಳಬೇಕಾದವರಿಗೆ ಆ ಪ್ರಶ್ನೆಯೇ ಒಂದು ಹೊರೆ. "ನಿನ್ನೆ ನಿದ್ದೆ ಬಂತೆ?" ಎನ್ನುತ್ತೇನೆ. ಹೆಚ್ಚು ದಿನ, "ಬಂತಪ್ಪ" ಎನ್ನುತ್ತಾಳೆ. ಮೊನ್ನೆ ಒಂದು ದಿನ ಸ್ವಲ್ಪ ತಡೆದು, "ಇಲ್ಲ ಕಣಪ್ಪ, ಮೊಳಕಾಲ್ಮೂರಿನ ನೋವು ಬಂದಿತ್ತು" ಎಂದು ತಾನೇ ನಕ್ಕಳು. ನಮ್ಮ ಮನೆಯಲ್ಲಿ ಆ ಮಾತನ್ನು ಈಗ ಬೇರೆ ಯಾರೂ ಆಡುವುದಿಲ್ಲ. ಆಡುವ ಹಕ್ಕು ಅವಳೊಬ್ಬಳದು. ಅವಳು ಆಡಿದಾಗ ನಾನು ನಗುವುದಿಲ್ಲ, "ಎಲ್ಲೆಲ್ಲಿ ಅಕ್ಕ? ಹೇಳು" ಎಂದು ಕೇಳುತ್ತ ಕೂರುತ್ತೇನೆ.